ಕೊರೆಯಲು ಮರೆತ ಏಳು ತೂತು

ಬುಧವಾರ ಸಂಜೆ, ಲಾಂಗ್ಟನ್ನಿನ ಹಳೆಯ ಚಾಪೆಲ್ಲಿನ ಹಿಂಗೋಣೆ.
ಕಿಟಕಿಯಾಚೆ ಸೀಸೆಯಾಕಾರದ ಆವಿಗೆಯೊಂದು
ಬೆಂಕಿ ಮರೆತು, ಪಾರಿವಾಳ ಸಾಕಿಕೊಂಡು ನಿಂತಿದೆ.
ಮೊರೀನ್ ಟನಿಕ್ಲಿಫ್ ಮಣ್ಣಿನ ಮುದ್ದೆ ಕೈಗಿಟ್ಟು
"ಹೊಸೆ, ಡಕ್" ಅನ್ನುತ್ತಾಳೆ.
ಡಕ್ ಅಂದರೆ ಬಾತುಕೋಳಿ; ಈ ಊರಲ್ಲಿ
ಮಗಾ, ತಾಯೀ, ಅಣ್ಣಾ ಎಲ್ಲವೂ ಅದೇ.

ಹೊಸೆಯುವುದು ನನಗೆ ಹೊಸತಲ್ಲ,
ಹಬ್ಬದ ಹಿಂದಿನ ದಿನ ಕೊಡುಬಳೆ ಹೊಸೆದ ಅಂಗೈ.
ಆ ಹಿಟ್ಟಿಗೆ ಎಣ್ಣೆಯ ಭಯವಿತ್ತು. ಇದಕ್ಕೆ ಯಾರ ಭಯವೂ ಇಲ್ಲ,
ತಣ್ಣಗೆ ಹರಿದಾಡುತ್ತದೆ, ನಡುವೆ ಸಣಕಲು, ತುದಿಯಲ್ಲಿ ದಪ್ಪ,
ನನ್ನ ಅವಸರವನ್ನೆಲ್ಲ ಮೈಮೇಲೆ ಬರೆದುಕೊಂಡು.
"ಒತ್ತಬೇಡ. ಉರುಳಿಸು."

ಸುತ್ತಿನ ಮೇಲೆ ಸುತ್ತು.
ಗೀರು, ಕೆಸರು ಬಳಿ, ಕೂರಿಸು, ಒಳಗಿಂದ ಹೆಬ್ಬೆರಳಲ್ಲಿ ಕೆಳಕ್ಕೆಳೆ.
ಹಗಲು ನಾನು ಹಲ್ಲು ಕಟ್ಟುವವಳು;
ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಂದೂ ನೋಡದ ಬಾಯಿಗಳಿಗೆ
ಗುಲಾಬಿ ಮೇಣದ ವಸಡು ತಿದ್ದುತ್ತೇನೆ.
ಗೀರಲು ಎಲ್ಲರಿಗೂ ಫೋರ್ಕು, ನನಗೆ ನನ್ನದೇ ಕಡ್ಡಿ,
ತುದಿ ಬಾಗಿದ ಸ್ಟೀಲಿನದು.
ಟೀಪಾಟ್ ಯಾಕೆ ಬೇಕಿತ್ತೋ ಗೊತ್ತಿಲ್ಲ.
ನಮ್ಮಲ್ಲಿ ಚಹಾ ಪಾತ್ರೆಯಲ್ಲಿ ಕುದಿಯುತ್ತದೆ, ಹಾಲಿನ ಜೊತೆ ಉಕ್ಕಿ
ಒಲೆಯೆಲ್ಲ ಹೊಲಸು ಮಾಡುತ್ತದೆ.
ಆರಿಸುವುದಕ್ಕೇ ಒಂದು ಮಡಕೆ ಯಾರಿಗೆ ಬೇಕು?

ಮೊರೀನ್ ಹೇಳುತ್ತಾಳೆ, ಟೇಬಲ್ ಒರೆಸುತ್ತಲೇ:
ಹದಿನೈದಕ್ಕೆ ಕಾರ್ಖಾನೆ ಸೇರಿದೆ.
ಮೂವತ್ತೊಂದು ವರ್ಷ ಹಿಡಿಕೆ ಅಂಟಿಸಿದೆ. ಬರೀ ಹಿಡಿಕೆ.
ಮೂತಿ ಐರೀನಳದು, ಮುಚ್ಚಳ ಆಚೆ ಬೆಂಚಿನದು,
ಒಡಲು ಅಚ್ಚಿನದು.
ದಿನಕ್ಕೆ ಅರವತ್ತು ಡಜನ್. ಬೇಕಾದರೆ ಲೆಕ್ಕ ಹಾಕು.
(ಹಾಕಿದೆ. ಹೇಳಲಿಲ್ಲ.)
ಗೇಟಿಗೆ ಬೀಗ ಬಿದ್ದು ಎಷ್ಟೋ ಕಾಲದ ಮೇಲೆ
ಮೊದಲ ಸಲ ಇಡೀ ಒಂದು ಮಾಡಿದೆ, ತಳದಿಂದ ತುದಿವರೆಗೆ.
ಸೊಟ್ಟಗಿತ್ತು. ಈಗ ಅದರಲ್ಲಿ ಬಟ್ಟೆ ಕ್ಲಿಪ್ಪು ಇವೆ.

ನಾಲ್ಕನೆಯ ಬುಧವಾರ ಮೂತಿ ಕೂರಿಸಿದೆ.
ಗಿಂಡಿಯನ್ನು ನೆನೆದು ಕತ್ತು ತುಸು ಉದ್ದ,
ತೊಟ್ಟಿಕ್ಕದಿರಲೆಂದು ತುಟಿ ಚೂಪು.
ಬೆಸುಗೆ ಕಾಣದಂತೆ ಒದ್ದೆ ಬಟ್ಟೆಯಲ್ಲಿ ಸವರಿ
ತಿರುಗಿಸಿ ತಿರುಗಿಸಿ ನೋಡಿಕೊಂಡೆ.
ಮೊರೀನ್ ಬಂದಳು. ಏನೂ ಅನ್ನಲಿಲ್ಲ.
ಬಾಗಿ, ಹಸಿ ಮೂತಿಗೆ ಬಾಯಿಟ್ಟು ಊದಿದಳು.
ಉಸಿರು ಹೋಗಲಿಲ್ಲ.
ಕೆನ್ನೆ ಉಬ್ಬಿಸಿಕೊಂಡೇ ನನ್ನತ್ತ ನೋಡಿದಳು.

ಮೂತಿಯ ಹಿಂದೆ ಗೋಡೆ! ಸೋಸುವ ತೂತು ಕೊರೆದೇ ಇಲ್ಲ.
ಹೊಟ್ಟೆಗೂ ಬಾಯಿಗೂ ಸಂಬಂಧವಿಲ್ಲದ ಜೀವ.
ಕುಂಬಾರನಿಗೆ ವರುಷ ಅಂದುಕೊಂಡೆ;
ದೊಣ್ಣೆಯ ಅಗತ್ಯವೂ ಬೀಳಲಿಲ್ಲ, ಮರೆವೇ ಸಾಕಾಯಿತು.
ಮೂತಿ ಕತ್ತರಿಸಲು ಅವಳು ತಂತಿ ಎತ್ತಿದಳು.
"ತಡಿ" ಅಂದೆ, ಕನ್ನಡದಲ್ಲೇ. ತಡೆದಳು.

ಮೇಲಿನ ಬಾಯಿ ಕಿರಿದು, ಅವಳ ಕೈ ಹೋಗದು, ನನ್ನದೂ ಹೋಗದು.
ಬ್ಯಾಗಿನಿಂದ ಪೆನ್ನಿಯಗಲದ ಬಾಯಿಗನ್ನಡಿ ತೆಗೆದೆ.
ಮೊಬೈಲಿನ ಬೆಳಕು ಮೊರೀನ್ ಹಿಡಿದಳು.
ಬದುಕಿರುವ ಬಾಯಿಗೆ ಎಂದೂ ಕೈ ಹಾಕದವಳು, ಹಾಕಿದೆ:
ಎಡ ಬಲವಾಗುವ ಕನ್ನಡಿಯಲ್ಲಿ, ಬಾಗಿದ ಕಡ್ಡಿಯಲ್ಲಿ
ಒಂದು. ಎರಡು.
ಉದುರಿದ ಮಣ್ಣಿಗೆ ಸದ್ದಿಲ್ಲ.
ಏಳನೆಯದು ಓರೆಯಾಯಿತು. ಇರಲಿ.
ಈ ಸಲ ನಾನು ಊದಿದೆ.
ಒಳಗಿಣುಕುತ್ತಿದ್ದ ಮೊರೀನಳ ಕನ್ನಡಕ ಮಬ್ಬಾಯಿತು.

ಎರಡು ಸಲ ಬೆಂದು ಬೆರಳಷ್ಟು ಕುಗ್ಗಿತು.
ಸುತ್ತಿನ ಗೆರೆಗಳು ಹೊಳಪಿನಡಿ ಇನ್ನೂ ಎಣಿಕೆಗೆ ಸಿಗುತ್ತವೆ.
ಚಹಾ ಪಾತ್ರೆಯಲ್ಲೇ ಕುದಿಸಿದೆ, ಶುಂಠಿ ಜಜ್ಜಿ;
ಸೋಸಿ ಇದಕ್ಕೆ ಸುರಿದು ಅವಳ ಮುಂದಿಟ್ಟೆ.
ಬಗ್ಗಿಸಿದಾಗ ಒಂದು ಹನಿ ತುಟಿಯಡಿ ಜಾರಿ
ಮೇಜುಬಟ್ಟೆಗೆ ಇಳಿಯಿತು. ನಾನು ಅದನ್ನೇ ನೋಡುತ್ತಿದ್ದೆ.
ಅವಳು ನೋಡಲಿಲ್ಲ.
ಹಿಡಿಕೆಯ ಬುಡವನ್ನು ಹೆಬ್ಬೆರಳಲ್ಲಿ ಒತ್ತಿದಳು,
ಇನ್ನೊಮ್ಮೆ ಒತ್ತಿದಳು,
ಆಮೇಲೆ ಕುಡಿದಳು.