ಹದ

ಎಂಟನೇ ತರಗತಿಗೆ ಆ ದಿನ ಮುಟ್ಟಿದರೆ ಮುನಿ ಒಯ್ದಿದ್ದೆ,
ವಿ.ಸಿ. ನಾಲೆಯ ಏರಿಯಿಂದ ಬೇರುಸಮೇತ ಕಿತ್ತು,
ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ.
ಬಸ್ಸಿನ ಕುಲುಕಿಗೇ ಮುನಿದು
ಎಲೆಯೆಲ್ಲ ಮುಚ್ಚಿಕೊಂಡು ಕೂತಿತ್ತು.
ಮಕ್ಕಳು ಕಾದರು. ನಾನೂ ಕಾದೆ.
ಬೆಲ್ಲು ಹೊಡೆಯುವವರೆಗೂ ತೆರೆಯಲಿಲ್ಲ.

ಅಷ್ಟರಲ್ಲಿ ಯಾರೋ ರೈಲುಹುಳ ಹಿಡಿದು ತಂದರು,
ಕಡ್ಡಿ ತಾಗಿದ್ದೇ ತಡ ಚಕ್ಕುಲಿಯಾಯಿತು.
ಬಸವನಹುಳದ ಕೊಂಬು ಒಳಗೆ ಹೋಯಿತು,
ತುಸು ಹೊತ್ತಿಗೆ ಒಂದೇ ಒಂದು
ಹೊರಗಿಣುಕಿತು.

ಬಿಸಿ ತಾಗಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ, ಅಂದೆ.
ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ
ಬೆನ್ನುಹುರಿ ತೀರ್ಮಾನ ಕೊಟ್ಟಿರುತ್ತದೆ,
ಯಜಮಾನನನ್ನು ಕೇಳದೆ
ಮನೆಯಾಳು ಬಾಗಿಲು ಹಾಕಿದ ಹಾಗೆ.

ಹಿಂದಿನ ಬೆಂಚಿನಿಂದ ಚಲುವರಾಜ:
"ಎಲ್ರುದೂ ಅಂಗಲ್ಲ ಮಿಸ್.
ನಮ್ಮಪ್ಪ ಕೈ ತಗಿಯಾಕಿಲ್ಲ."
ಇಡೀ ಕ್ಲಾಸು ನಕ್ಕಿತು.
ನಾನೂ ನಕ್ಕೆನೆಂದು ನೆನಪು.

ಶನಿವಾರ ಮಧ್ಯಾಹ್ನ, ಕೆನ್ನಾಳಿನ ಆಲೆಮನೆ.
ವಾಸನೆ ಹಿಡಿದು ಜೇನು, ಕಣಜ, ಕಟ್ಟಿರುವೆ ಸಾಲು;
ಹೊಗೆ ಈ ಕಡೆ ತಿರುಗಿದರೆ ಎಲ್ಲ ಆ ಕಡೆ.
ರಚ್ಚಿನ ಉರಿಗೆ ಕೊಪ್ಪರಿಗೆ ಗುಳುಗುಳು.
ಮರಿಜವರಯ್ಯ ತಣ್ಣೀರಿಗೆ ಕೈ ಅದ್ದಿದರು,
ಪಾಕಕ್ಕೆ ಅದ್ದಿದರು, ಮತ್ತೆ ತಣ್ಣೀರಿಗೆ.
ಬೆರಳಲ್ಲಿ ಉಂಡೆ ಮಾಡಿ ತಟ್ಟೆಗೆ ಕುಟ್ಟಿದರು.
ಠಣ್ ಅನ್ನಲಿಲ್ಲ.
"ಇನ್ನೊಂದ್ ಕುದಿ."
ಮತ್ತೆ ಅದ್ದಿದರು.

ಸುಡಲ್ವಾ, ಅಂದೆ.
"ಸುಡ್ದೆ ಇರ್ತದಾ ಮೇಡಮ್ಮೋರೆ?
ಹದ ಬರಗಂಟ ತಡ್ಕೋ ಅಂತ
ಕೈಗೆ ಹೇಳಿವ್ನಿ."

ಮೂರನೇ ಸಲ ನಾನು ಕೈ ನೋಡಲಿಲ್ಲ.
ಬೂದಿ ಮೆತ್ತಿದ ಬರಿಗಾಲಿನ ಹೆಬ್ಬೆರಳು
ಉಳಿದ ನಾಲ್ಕನ್ನೂ ಒಳಕ್ಕೆಳೆದುಕೊಂಡು
ನೆಲ ಕಚ್ಚಿತು, ಕಡ್ಡಿ ತಾಗಿದ ಹುಳ,
ಸದ್ದಿಲ್ಲ.
ಕೈ ನುಂಗಿದ್ದೆಲ್ಲ ಅಲ್ಲಿಗೆ ಇಳಿದಿತ್ತು.
ತಲೆಯೆತ್ತಿದರೆ ಚಲುವ ನನ್ನನ್ನೇ ನೋಡುತ್ತಿದ್ದ.
ಅವನಿಗೆ ಮೊದಲಿಂದಲೂ ಗೊತ್ತಿತ್ತು, ಕಾಣುತ್ತೆ.

ಅರ್ಧವಾರ್ಷಿಕ ಪರೀಕ್ಷೆ. ಪ್ರಶ್ನೆ ಏಳು:
ಬಿಸಿ ವಸ್ತು ಮುಟ್ಟಿದಾಗ ಏನಾಗುತ್ತದೆ? ಎರಡು ಅಂಕ.
ಅವನು ಬರೆದದ್ದು ಮೂರೇ ಪದ:
ಕಾಲಿನ ಬೆರಳು ಮಡಚುತ್ತದೆ.

ಕೆಂಪು ಪೆನ್ನು ಎರಡರ ಹತ್ತಿರ ಹೋಯಿತು.
ಪಕ್ಕದಲ್ಲೇ ಇತ್ತು ಮಾದರಿ ಉತ್ತರದ ಹಾಳೆ,
ಮೇಲೆ ಮುಖ್ಯೋಪಾಧ್ಯಾಯರ ಸೀಲು.
ನನ್ನ ಕೈ,
ನನ್ನನ್ನು ಕೇಳದೆ,
ಹಿಂದಕ್ಕೆ ಬಂತು.