ಬಂಗಾರದ ಬದಿ

ಮಂಟಪಕ್ಕೆ ನಲವತ್ತೆರಡು ಸಾವಿರ ಎಂದ ಡೆಕೊರೇಶನ್ನಿನವ,
ಗೇಟಿನ ಕಮಾನಿಗೆ ಬೇರೆ, ಹೂವಿಗೆ ಬೇರೆ.
ಅಣ್ಣ ಬೋಟಿನ ಡೀಸೆಲ್ ಲೆಕ್ಕದ ವಹಿ ತೆಗೆದು
ಕೊನೆಯ ಹಾಳೆಯಲ್ಲಿ ಬರೆದುಕೊಂಡ,
ಆಮೇಲೆ ಆ ಹಾಳೆಯನ್ನೇ ಹರಿದು ನನ್ನ ಕೈಗಿಟ್ಟ:
"ಆರು ಸಾವಿರದೊಳಗೆ ಮುಗಿಸು, ಶೇವಂತಿ."

ಹೀಗಾಗಿ ಬೈತಖೋಲದ ದಕ್ಕೆಯಿಂದ ಹರಕು ಬಲೆ ಬಂತು.
ಮೂರು ಸಲ ಸೋಪಿನ ನೀರಲ್ಲಿ ಅದ್ದಿ ಬೇಲಿಗೆ ಹರವಿದರೂ
ಬಂಗಡೆಯ ವಾಸನೆ ಬಿಡಲಿಲ್ಲ.
ಇರಲಿ, ಬರುವ ನೆಂಟರಲ್ಲಿ ಅರ್ಧ ಜನಕ್ಕೂ ಅದೇ ವಾಸನೆ.
ಕಾಳಿಯ ಅಳಿವೆಯಲ್ಲಿ ಹೆಕ್ಕಿದ ಬಳಚಿನ ಚಿಪ್ಪಿಗೆ
ಮೊಳೆಯಿಂದ ತೂತು ಹೊಡೆದು, ಹತ್ತರಲ್ಲಿ ನಾಲ್ಕು ಒಡೆದು,
ಉಳಿದದ್ದನ್ನು ನೈಲಾನ್ ದಾರಕ್ಕೆ ಪೋಣಿಸಿದೆವು.
ಗಣಪತಿ ಕಮಿಟಿಯವರು ಸೀರಿಯಲ್ ಲೈಟು ಕೊಟ್ಟರು, ಪುಕ್ಕಟೆ;
ಹಸಿರು ದಿನಾ ಉರಿಯುತ್ತದೆ,
ಕೆಂಪು ಅದರ ಮನಸ್ಸಿಗೆ ಬಂದಾಗ.

ಹೂವಿನದೇ ತೊಂದರೆ.
ರವಿವಾರದ ಸಂತೆಯಲ್ಲಿ ಅಬ್ಬಲಿಗೆಯ ದರ ಕೇಳಿ,
ಮದುಮಗಳ ತಲೆಗೊಂದು ಮೊಳ ಸಾಕು,
ಕಂಬಕ್ಕೂ ಮುಡಿಸಲು ನಾವೇನು ಅರಸರೇ ಎಂದು
ಬರಿಗೈಲಿ ಬಸ್ಸು ಹತ್ತಿದೆ.
ಆ ರಾತ್ರಿ ಮಂಚದ ಕೆಳಗಿನ ಟ್ರಂಕು ನೆನಪಾಯಿತು.
ನೆನಪಾಯಿತು ಅನ್ನುವುದು ಸುಳ್ಳು.
ಹದಿನಾಲ್ಕು ವರ್ಷ ಅದರ ಮೇಲೇ ಮಲಗಿದ್ದೇನೆ.

ಮುನ್ನೂರು ಮದುವೆ ಕಾಗದ.
ದಪ್ಪ ಹಾಳೆ, ಒಂದು ಬದಿ ಪೂರ್ತಿ ಬಂಗಾರದ ಬಣ್ಣ,
ಇನ್ನೊಂದು ಬದಿ ಚಿ. ಸೌ. ಕಾಂ. ನಾನು.
ಒಂದಕ್ಕೆ ನಾಲ್ಕೂವರೆ ಕೊಟ್ಟಿದ್ದ ಅಪ್ಪ;
ಪ್ರೆಸ್ಸಿನವ ವಾಪಸು ತೆಗೆದುಕೊಳ್ಳಲಿಲ್ಲ,
ಅವನದೇನು ತಪ್ಪು, ಹೆಸರು ಬಿದ್ದ ಕಾಗದ.
ಮದುವೆ ಯಾಕೆ ನಿಂತಿತೆಂದು ಕೇಳಬೇಡಿ,
ಕಾರಣವನ್ನು ಯಾರೂ ಅಚ್ಚು ಹಾಕಿಸಲಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತು ಅಪಶಕುನ ಎಂದಳು.
ಹೂವಿನ ಬಿಲ್ಲು ಅದಕ್ಕಿಂತ ಅಪಶಕುನ, ಎಂದ ಅಣ್ಣ.

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು, ಜಿರಲೆ ತಿನ್ನದ ಹಾಗೆ.
ನಾಲ್ಕು ಮಡಿಕೆ, ಓರೆಯಾಗಿ ಒಂದು ಕತ್ತರಿ,
ಬೆರಳಿಗೆ ಸುತ್ತಿ ಬಿಟ್ಟರೆ ಎಸಳು ತಾನೇ ಬಾಗುತ್ತದೆ.
ಹೆಸರು ಶೇವಂತಿ, ಮಾಡುವುದು ಕಮಲ,
ಎಂದು ನಗಾಡಿದಳು ಪಕ್ಕದ ಮನೆಯ ಹೊನ್ನಕ್ಕ.
ಮದುಮಗಳು ತೃಪ್ತಿ ನಗುತ್ತಲೇ ಕತ್ತರಿ ಹಿಡಿದವಳು
ಮೂರನೆಯ ಕಾಗದಕ್ಕೆ ನಿಂತಳು.
"ಅತ್ತೆ, ಇದರಲ್ಲಿ ತಾರೀಖು..."
"ಕತ್ತರಿಸು. ಬಂಗಾರದ ಬದಿ ಹೊರಗೆ ಬರಲಿ."
ಅವಳು ತಾರೀಖನ್ನು ಬಿಟ್ಟು ಸುತ್ತಲೂ ಕತ್ತರಿಸಿದಳು.
ಆ ಎಸಳು ಉಳಿದವಕ್ಕಿಂತ ಅಗಲವಾಯಿತು,
ಆ ಹೂವು ಕೊನೆಗೂ ಸರಿಯಾಗಿ ಕೂರಲಿಲ್ಲ.
ಅದನ್ನು ಕಂಬದ ಹಿಂದೆ ಕಟ್ಟಿದೆ.

ಮುಹೂರ್ತ ಹನ್ನೆರಡು ಹತ್ತಕ್ಕೆ.
ಹನ್ನೊಂದಕ್ಕೆಲ್ಲ ಕಡಲಗಾಳಿ ಎದ್ದು
ದಾರಕ್ಕೆ ತೂಗಿದ ಹೂವುಗಳನ್ನು
ಸೀರೆ ಕೊಳ್ಳಲು ಬಂದವಳ ಹಾಗೆ
ಒಂದೊಂದಾಗಿ ತಿರುಗಿಸಿ ನೋಡಿತು.
ಮಂಟಪದ ತುಂಬ ಅಕ್ಷರ:
ರ್ವಾದವೇ ಉಡುಗೊ,
ಆಗಮನಾಭಿ,
ನನ್ನ ಅರ್ಧ ಹೆಸರು, ಅವನ ಊರಿನ ಕೊನೆಯ ಅಕ್ಷರ.
ಕುರ್ಚಿಯಲ್ಲಿ ಕೂತವರು ಓದದ ಹಾಗೆ ಓದಿದರು.
ಓದು ಬಾರದ ಅಜ್ಜಿಯೊಬ್ಬಳು ಮಾತ್ರ ಎದ್ದು ಬಂದು
ಎಸಳು ಮುಟ್ಟಿ, "ಹೂವಿನ ಒಳಗೂ ಬರೆದಿದ್ದೀರಲ್ಲ,
ಎಷ್ಟು ತಾಳ್ಮೆ ಮಗಾ" ಎಂದಳು.
ಹೌದು ಅಂದೆ. ತಾಳ್ಮೆ ಬೇಕಾಯಿತು.

ತಾಳಿ ಕಟ್ಟುವಾಗ ಚಿಪ್ಪಿನ ಮಾಲೆಗಳು
ವಾಲಗದವರಿಗಿಂತ ಜೋರಾಗಿ ಬಡಿದುಕೊಂಡವು.
ಕೆಂಪು ದೀಪ ಕೂಡ, ಆ ಹಗಲಲ್ಲಿ ಯಾರಿಗೂ ಬೇಡದಾಗ, ಉರಿಯಿತು.

ಊಟದ ಪಂಕ್ತಿಯಲ್ಲಿ ವರನ ಅಕ್ಕ, ಮಾಜಾಳಿಯವಳು,
ಕೈ ಅಡ್ಡ ಹಿಡಿದು ಕೇಳಿದಳು:
ಕಂಟ್ರಾಕ್ಟು ಯಾರದು? ನಮ್ಮ ಮೈದುನನದು
ಬರುವ ತಿಂಗಳಿದೆ. ರೇಟು ಹೇಗೆ?
ಟ್ರಂಕಿನಲ್ಲಿ ಇನ್ನೂ ಎಂಬತ್ತು ಕಾಗದ.
ಸಾರಿನ ಸೌಟು ಹಿಡಿದು ನಿಂತಲ್ಲೇ ಲೆಕ್ಕ ಹಾಕಿದೆ,
ಒಂದಕ್ಕೆ ನಾಲ್ಕೂವರೆಯಂತೆ,
ಹದಿನಾಲ್ಕು ವರ್ಷದ ಬಾಡಿಗೆ ಹಿಡಿಯದೆ.