ಕಾಯ್ತಾನ್

ವಾಸ್ಕೋದ ಮೀನು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ
ನನ್ನದು ಮೊಬೈಲ್ ರಿಪೇರಿಯ ಅಂಗಡಿ;
ಅಂಗಡಿ ಅಂದರೆ ಒಂದು ಮೇಜು, ಒಂದು ಭೂತಗನ್ನಡಿ,
ಕೂತರೆ ನಾನು, ನಿಂತರೆ ಗಿರಾಕಿ, ಇಷ್ಟೇ ಜಾಗ.
ಮಧ್ಯಾಹ್ನ ಮೂರರ ಮೇಲೆ ಅವನು ಬಂದ,
ಗಿಟಾರಿನ ಕತ್ತು ಹಿಡಿದು, ಕೋಳಿ ತರುವ ಹಾಗೆ.
ಹೆಸರು ಕಾಯ್ತಾನ್.

"ಎಂಟಕ್ಕೆ ಕುಠ್ಠಾಳಿಯಲ್ಲಿ ಮದುವೆ. ಬ್ಯಾಂಡಿನವರು
ಆಗಲೇ ಹೊರಟರು. ಬೇಗ, ಬಾಯ್, ಬೇಗ."
ನಮ್ಮ ಮಾತಿನಲ್ಲಿ ಕಾಯ್ತಾನ ಅಂದರೆ
ಅವನು ಕಾಯುತ್ತಾನೆ ಅಂತ ಕಣೋ, ಎಂದೆ.
ಅದನ್ನು ಕೇಳಲೂ ಅವನಿಗೆ ಪುರಸೊತ್ತಿಲ್ಲ.

ನಿನ್ನೆ ರಾತ್ರಿ ಹಳೆಯ ವೈರೆಲ್ಲ ಕಿತ್ತು
ತಾನೇ ಹೊಸದು ಬೆಸೆದಿದ್ದಾನೆ. ಈಗ ಆಂಪಿಗೆ ಚುಚ್ಚಿದರೆ
ಹಾಡಿಗಿಂತ ಮೊದಲು ಗುಂಯ್ ಅನ್ನುತ್ತದೆ,
ತಂತಿ ಮುಟ್ಟಿದರೆ ಇನ್ನೂ ಜೋರು.
ಹನ್ನೊಂದು ಸ್ಕ್ರೂ ಬಿಚ್ಚಿ ಬಿಳಿ ಫಲಕ ಮಗುಚಿದೆ.
ಒಳಗೆ ಬೂದುಬಣ್ಣದ ಗಂಟುಗಳು, ಉಂಡೆ ಉಂಡೆ,
ಒಂದಕ್ಕೂ ಹೊಳಪಿಲ್ಲ. ತವರ ಕರಗಿದೆ ನಿಜ,
ಕೆಳಗಿನ ಲೋಹ ಅದನ್ನು ಒಳಗೆ ಬಾ ಅಂದಿಲ್ಲ.

ಬ್ರಿಡ್ಜಿನಿಂದ ಬರುವ ಕರಿ ವೈರನ್ನು
ಕಿರುಬೆರಳಲ್ಲಿ ಎಳೆದೆ.
ಹಾಲುಹಲ್ಲಿನ ಹಾಗೆ ಕೈಗೆ ಬಂತು.
"ಮೀಟರ್ ಕುಂಯ್ ಅಂದಿತ್ತಲ್ಲ!" ಅಂದ.
ಮುಟ್ಟಿಕೊಂಡಿತ್ತು ಅಷ್ಟೇ. ಮುಟ್ಟುವುದು ಬೇರೆ.

ನನ್ನ ಸೋಲ್ಡರ್ ಕಡ್ಡಿಯ ಮೂತಿ ಸೂಜಿಯಷ್ಟು,
ಫೋನಿನ ಇರುವೆಗಾಲುಗಳಿಗೆ ಸಾಕು.
ಗಿಟಾರಿನ ಪಾಟಿನದು ಎಮ್ಮೆಯ ಬೆನ್ನು:
ಎಷ್ಟು ಬಿಸಿ ಕೊಟ್ಟರೂ ಕುಡಿದು ಸುಮ್ಮನಿರುತ್ತದೆ.
ಪಕ್ಕದಲ್ಲಿ ಮೋಟಾರ್ ಸುತ್ತುವ ದುಂಡಪ್ಪಣ್ಣನ ಬಳಿ
ಅರವತ್ತು ವ್ಯಾಟಿನದು ಕೇಳಿ ತಂದೆ.
"ಅದು ಕಾಯಾಕ ಹೊತ್ತು ಹಿಡಿತೈತಿ ತಂಗಿ," ಅಂದ,
"ಕಾದಮ್ಯಾಲೆ ನೀ ಹೊತ್ತು ಮಾಡಬ್ಯಾಡ."

ಕಡ್ಡಿ ಕಾಯುತ್ತಿತ್ತು. ನಾವೂ ಕಾಯುತ್ತಿದ್ದೆವು.
ಎರಡಕ್ಕೂ ಒಂದೇ ಮಾತು ಇಟ್ಟುಕೊಂಡವರು
ಬಡವರೋ ಜಾಣರೋ, ನಮ್ಮ ಹಿರಿಯರು.
ಕೊಂಕಣಿಯಲ್ಲಿ ಇದನ್ನು ಹೇಗೆ ಹೇಳುವುದು?
"ರಾವ್ ರೇ," ಅಂದೆ. ಅವನು ಉಗುರು ಕಚ್ಚಿದ.

ಬ್ಲೇಡಿನಿಂದ ಬೆನ್ನು ಕೆರೆದೆ. ಈ ಊರಿನ ಗಾಳಿಯಲ್ಲಿ ಉಪ್ಪು;
ಒಂದು ಮಳೆಗಾಲಕ್ಕೇ ಹೊಸ ಲೋಹಕ್ಕೆ ಹಳೆ ಮುಖ ಬರುತ್ತದೆ.
ರಾಳ ಹಚ್ಚಿದೆ. ಎದ್ದ ಹೊಗೆ
ಒಂದು ಗಳಿಗೆ ಮೀನಿನ ವಾಸನೆಯನ್ನು ಗೆದ್ದಿತು.
ಕಾಯಿಸಬೇಕಾದ್ದು ಬೆನ್ನನ್ನು, ತವರವನ್ನಲ್ಲ.
ಒಂದು, ಎರಡು, ಮೂರು, ಬಾಯಿ ಮುಚ್ಚಿಕೊಂಡು ಎಣಿಕೆ.
ಕಡಿಮೆಯಾದರೆ ಮತ್ತೆ ಉಂಡೆ; ಹೆಚ್ಚಾದರೆ ಒಳಗಿನ ಪಟ್ಟಿ ಸುಟ್ಟು
ನಾಳೆ ಗುಂಡಿ ತಿರುಗಿಸಿದಾಗ ಮರಳು ಸುರಿದ ಸದ್ದು.
ನಾಲ್ಕಕ್ಕೆ ತವರ ಇದ್ದಕ್ಕಿದ್ದಂತೆ
ಹಟ ಬಿಟ್ಟು, ನೀರಾಗಿ, ಹಬ್ಬಿತು.
ಕಡ್ಡಿ ತೆಗೆದೆ.
ಅವನು ಉಫ್ ಅಂತ ಊದಿದ.

ಕನ್ನಡಿಯಂತಿದ್ದದ್ದು ಕಣ್ಣೆದುರೇ ಮಂಜಾಯಿತು.
ಅವನ ಕೈಮೇಲೊಂದು ಕೊಟ್ಟು, ಬೆವರು ಒರೆಸಿ,
ಮೊದಲಿಂದ ಎಣಿಸಿದೆ. ಈ ಸಲ ವೈರ್ ಅವನೇ ಹಿಡಿದ,
ಇಕ್ಕಳದಲ್ಲಿ, ಉಸಿರು ಕಟ್ಟಿ, ಅಲ್ಲಾಡದೆ,
ಬಹುಶಃ ಮೊದಲ ಸಲ ತನ್ನ ಹೆಸರಿನ ಹಾಗೆ.

ಆಂಪಿಗೆ ಚುಚ್ಚಿದೆವು. ಸದ್ದಿಲ್ಲ.
"ಸತ್ತಿತು!" ಅಂದ. ಇಲ್ಲ ಮಾರಾಯ,
ಇದು ಗುಂಯ್ ಇಲ್ಲದ ಸುಮ್ಮನೆ. ಈಗ ಮೀಟು.
ಮೀಟಿದ. ಗಲ್ಲಿಯ ಬೆಕ್ಕು ತಲೆ ಎತ್ತಿತು.

ಆಮೇಲೆ ವಾಲ್ಯೂಮ್ ಏರಿಸಿದರೆ ದನಿ ಇಳಿಯಿತು.
ಪಾಟಿನ ಅಂಚಿನ ಎರಡು ಕಾಲು ಅದಲು ಬದಲು,
ಅದೂ ಅವನ ನಿನ್ನೆ ರಾತ್ರಿಯ ಕೈಚಳಕ:
ಹತ್ತರಲ್ಲಿ ಮೌನ, ಸೊನ್ನೆಯಲ್ಲಿ ಪೂರ್ತಿ ಮದುವೆ.
ಹತ್ತು ನಿಮಿಷ ಕಾದರೆ ಸರಿ ಮಾಡುತ್ತೇನೆ, ಅಂದೆ.
ಇನ್ನೂರು ರೂಪಾಯಿ ಮೇಜಿನ ಮೇಲಿಟ್ಟು
ಫಲಕಕ್ಕೆ ನಾಲ್ಕೇ ಸ್ಕ್ರೂ ಬಿಗಿದು
ಹೋಗಿಯೇಬಿಟ್ಟ.

ಏಳು ಸ್ಕ್ರೂ ನನ್ನ ಡಬ್ಬಿಯಲ್ಲಿವೆ.
ದುಂಡಪ್ಪಣ್ಣನಿಗೆ ಕಡ್ಡಿ ಕೊಟ್ಟು ಬಂದು, ಶಟರ್ ಎಳೆಯುತ್ತ
ಗೋಡೆಯ ಗಡಿಯಾರ ನೋಡಿದೆ. ಎಂಟೂವರೆ.
ಕುಠ್ಠಾಳಿಯಲ್ಲಿ ಈಗ ಯಾರೋ "ಜೋರಾಗಿ!" ಅಂತ ಕೂಗಿರುತ್ತಾರೆ,
ಅವನು ಗುಂಡಿ ಇಳಿಸುತ್ತಿರುತ್ತಾನೆ.